ಕೋರಿ ರೊಟ್ಟಿ ಮತ್ತು ಕುದ್ರೋಳಿಯ ಟೈಲರ್

ನಾದಿನಿಯ ಬಾಣಂತನಕ್ಕೆಂದು ಮಸ್ಕತ್ತಿಗೆ ಹೋದವಳು ನಾನು. ಸುಳ್ಳು ಯಾಕೆ ಹೇಳಬೇಕು, ವಿಮಾನ ಹತ್ತುವಾಗ ತಲೆಯಲ್ಲಿದ್ದದ್ದು ಮಗುವಲ್ಲ, ಅಪ್ಪ. ಅಲ್ಲಿಯ ಹಳೇ ಪೇಟೆ ಮತ್ರಾಹ್‌ನಲ್ಲಿ ಅಪ್ಪ ಅರ್ಧ ಆಯುಷ್ಯ ಬಟ್ಟೆ ಹೊಲಿದರು. ಎರಡು ವರ್ಷಕ್ಕೊಮ್ಮೆ ಕುದ್ರೋಳಿಯ ಮನೆಗೆ ಬಂದು ಒಂದು ತಿಂಗಳು ಇದ್ದು ಹೋಗುತ್ತಿದ್ದರು. ಇನ್ನು ಪೂರ್ತಿ ಬಂದರು ಅನ್ನುವಷ್ಟರಲ್ಲಿ ತೀರಿಹೋದರು. ದಿನಾ ಸಿಗುವ ಬಸ್ ಕಂಡಕ್ಟರನ ಬಗ್ಗೆ ಗೊತ್ತಿರುವಷ್ಟೂ ನನಗೆ ಸ್ವಂತ ಅಪ್ಪನ ಬಗ್ಗೆ ಗೊತ್ತಿರಲಿಲ್ಲ. ಅವರನ್ನು ಬಲ್ಲವರು ಒಬ್ಬರಾದರೂ ಸಿಗಲಿ ಎಂಬುದೊಂದೇ ಆಸೆ.

ಒಂದು ದಿನ ಬಾಣಂತಿ, ಮಗು ಇಬ್ಬರೂ ಮಲಗಿದ ಮೇಲೆ ಟ್ಯಾಕ್ಸಿ ಹಿಡಿದು ಹೊರಟೆ. ಸಮುದ್ರಕ್ಕೆ ಮುಖ ಮಾಡಿದ ಬಿಳಿ ಮನೆಗಳು, ಹಿಂದೆ ಬೋಳು ಗುಡ್ಡ, ಒಳಗೆ ಹೊಕ್ಕರೆ ಬಿಸಿಲೇ ಬೀಳದ ಗಲ್ಲಿಗಳು. ಅಪ್ಪ ಹೇಳುತ್ತಿದ್ದ ನೀಲಿ ಬಾಗಿಲಿನ ಮಸೀದಿ ಸಿಕ್ಕಿತು. ಅದರ ಎದುರಿನ ಹೊಲಿಗೆ ಅಂಗಡಿ ಮಾತ್ರ ಈಗ ಅತ್ತರಿನ ಅಂಗಡಿ. ಟೈಲರ್ ಅಂತ ವಿಚಾರಿಸಿದರೆ ಅಲ್ಲಿದ್ದವನು ನನ್ನ ಮೂಗಿನ ಹತ್ತಿರ ಸೀಸೆ ಹಿಡಿದು ಕ್ರಯ ಹೇಳಿದ. ಮೈ ಉರಿದುಹೋಯಿತು. ಗೊತ್ತುಗುರಿ ಇಲ್ಲದೆ ಗಲ್ಲಿ ಗಲ್ಲಿ ತಿರುಗಿದೆ. ದಾರಿಯೂ ತಪ್ಪಿತು.

ಎಲ್ಲಿ ನೋಡಿದರಲ್ಲಿ ಧೂಪದ ಹೊಗೆ. ಅದರ ನಡುವೆ ಇದ್ದಕ್ಕಿದ್ದ ಹಾಗೆ ಬಂತು ನೋಡಿ, ಒಣ ಸಿಗಡಿ ಹುರಿಯುವ ವಾಸನೆ! ಜೊತೆಗೆ ಒಣಮೆಣಸಿನ ಘಾಟು. ಕೆಮ್ಮುತ್ತಾ ಅದರ ಹಿಂದೆಯೇ ಹೋದೆ. ನಾಲ್ಕು ಮೇಜಿನ ಒಂದು ಸಣ್ಣ ಹೋಟೆಲು. ಗಲ್ಲೆಯಲ್ಲಿ ಕೂತಿದ್ದ ಮುದುಕರು ನನ್ನ ಮುಖ ನೋಡಿದವರೇ ತುಳುವಿನಲ್ಲಿ ಕೇಳಿದರು, “ಈರೆನ ಊರು ಓಲು?” ನಿಮ್ಮ ಊರು ಎಲ್ಲಿ ಅಂತ. ಅವರು ನಮ್ಮ ಪಕ್ಕದ ಕೂಳೂರಿನ ಬ್ಯಾರಿ ಮುಸಲ್ಮಾನರು. ನಾನು ಕುದ್ರೋಳಿ ಎಂದೆ, ಅಪ್ಪನ ಕೆಲಸ ಹೇಳಿದೆ.

“ಎಡಗೈಯಲ್ಲಿ ಕತ್ತರಿ ಹಿಡಿಯುವ ಟೈಲರಾ? ಯಾ ಅಲ್ಲಾ! ಕೂತ್ಕೋ ಮಗಳೇ, ಕೂತ್ಕೋ.”

ಕೂತೆ.

“ದಿನಾ ರಾತ್ರಿ ಊಟ ಇಲ್ಲಿಯೇ. ಎಂತ ಬೇಕು ಅಂತ ಕೇಳ್ಲಿಕ್ಕೇ ಇಲ್ಲ. ಕುಚ್ಚಲಕ್ಕಿ ಗಂಜಿ, ಒಣ ಸಿಗಡಿ ಚಟ್ನಿ. ಬಿರಿಯಾನಿ ಫ್ರೀ ಕೊಟ್ರೂ ಬೇಡ ಮಾರಾಯ್ರೆ ಅಂತಿದ್ರು.”

“ಅಪ್ಪನಿಗೆ ಇಷ್ಟ ಕೋರಿ ರೊಟ್ಟಿ ಅಲ್ವಾ ಕಾಕಾ?” ಎಂದೆ. ಮನೆಗೆ ಬಂದಾಗೆಲ್ಲ ಅಮ್ಮ ಅವರಿಗೆ ಬಡಿಸುತ್ತಿದ್ದದ್ದು ಅದನ್ನೇ, ಗರಿಗರಿ ರೊಟ್ಟಿ, ಮೇಲೆ ಕೋಳಿ ಸಾರು.

ಮುದುಕರು ನಕ್ಕರು. “ಊರಿಂದ ಬಂದ ದಿನ ಸೀದಾ ಇಲ್ಲಿಗೇ ಬರ್ತಿದ್ರು. ಮನೆಯಲ್ಲಿ ನಾನು ನೆಂಟ ಕಾಕಾ, ಅಂತಿದ್ರು. ನನಗೆ ಚಾವಡಿಯಲ್ಲಿ ಕೋಳಿ, ಒಳಗೆ ಹೆಂಡತಿ ಮಕ್ಕಳಿಗೆ ಗಂಜಿ. ಚಟ್ನಿಯ ಪರಿಮಳ ಮಾತ್ರ ನನಗೆ, ಅಂತ.”

ಹುಡುಕಿಕೊಂಡು ಹೋದ ಅಪ್ಪ ಸಿಕ್ಕಿದ್ದರು. ಸಿಕ್ಕಿದ್ದೇ ಸಂಕಟವಾಯಿತು. ಬಾಯಿಬಿಟ್ಟು ಹೇಳಲು ಈ ಮನುಷ್ಯನಿಗೆ ಎಂತ ದಾಡಿಯಾಗಿತ್ತು ಅಂತ ಸಿಟ್ಟು ಬಂತು. ನಮ್ಮ ಜೊತೆ ನೆಲದಲ್ಲಿ ಕೂತು, ಬೆರಳು ನೆಕ್ಕುತ್ತಾ ಒಂದೇ ಒಂದು ಸಲ ಉಂಡಿದ್ದರೆ ಸಾಕಿತ್ತು. ಆ ಹೋಟೆಲಿನಲ್ಲಿ ಕೂತು ನಾನು ಗೊಳೋ ಎಂದು ಅತ್ತೆ. ಮುದುಕರು ಗಂಜಿ ತರಿಸಿದರು. ಅಳುತ್ತಲೇ ಉಂಡೆ.

ಊರಿಗೆ ಬಂದು ಅಮ್ಮನಿಗೆ ಹೇಳಲು ಧೈರ್ಯ ಸಾಲಲಿಲ್ಲ. ಕೋರಿ ರೊಟ್ಟಿ ಅಮ್ಮನ ಹೆಮ್ಮೆ. ಆದರೆ ಮಳೆಗಾಲದ ಆಟಿ ತಿಂಗಳು ಬಂತು. ತೀರಿಹೋದವರಿಗೆ ಅವರ ಇಷ್ಟದ ಅಡುಗೆಯನ್ನು ಎಲೆಯಲ್ಲಿ ಬಡಿಸಿ, ಕೋಣೆಯ ಬಾಗಿಲು ಎಳೆದು, ಅವರು ಉಂಡು ಮುಗಿಸುವವರೆಗೆ ಹೊರಗೆ ಕಾದು, ಆಮೇಲೆ ಬಾಗಿಲು ತಟ್ಟಿ ತೆರೆಯುವುದು ನಮ್ಮಲ್ಲಿ ಕ್ರಮ. ಪ್ರತಿ ವರ್ಷದಂತೆ ಅಮ್ಮ ಕೋಳಿ ತರಲು ಹೇಳಿದರು. ಇನ್ನು ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

ಅಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಎದ್ದು ಹೋಗಿ ಒಣ ಸಿಗಡಿಯ ತಲೆ ಬಾಲ ಮುರಿಯಲು ಕೂತರು. ಕಾಯಿ ತುರಿದರು. ಅರೆಯುವ ಕಲ್ಲಿನ ಹತ್ತಿರ ನನ್ನನ್ನು ಬಿಡಲಿಲ್ಲ. ಎಲೆಯಲ್ಲಿ ಚಟ್ನಿ, ಪಕ್ಕದ ಬಟ್ಟಲಿನಲ್ಲಿ ಗಂಜಿ ಇಟ್ಟು ಬಾಗಿಲು ಎಳೆದರು. ಇಬ್ಬರೂ ಹೊರಗೆ ಗೋಡೆಗೆ ಒರಗಿ ಕೂತೆವು.

“ಒಬ್ಬರಿಗೆ ಆಗುವಷ್ಟು ಕೋಳಿಗೇ ದುಡ್ಡು ಇದ್ದದ್ದು ಮಗಾ ಆಗ,” ಎಂದರು ಅಮ್ಮ. “ಅವರು ಕರೆದಿದ್ರೆ ನಾನು ಗಂಜಿ ತಕ್ಕೊಂಡು ಚಾವಡಿಗೆ ಬರ್ತಿರ್ಲಿಲ್ವಾ?”

ಹೊತ್ತಾಯಿತೆಂದು ಬಾಗಿಲು ತಟ್ಟಲು ಎದ್ದೆ. ಅಮ್ಮ ನನ್ನ ಸೆರಗು ಜಗ್ಗಿ ಕೂರಿಸಿದರು.

“ಗಡಿಬಿಡಿ ಮಾಡ್ಬೇಡ. ಇವತ್ತಾದ್ರೂ ಮನೆಯವರ ಹಾಗೆ ಉಣ್ಲಿ.”