ಉಡಿ ತುಂಬಿಸಿಕೊಂಡ ರೇಡಿಯೋ

ಕಾರ್ಟೂನಿನ ಒಂದೊಂದು ಚಿತ್ರವನ್ನೂ ಕೈಯಲ್ಲೇ ಬರೆಯುತ್ತಿದ್ದ ತೊಂಬತ್ತರ ದಶಕದ ಮಾತು. ಹಳೇ ರೇಡಿಯೋ, ಟಿ.ವಿ. ಸಂಗ್ರಹಿಸಿ ಬಿಡಿಭಾಗ ಮರುಬಳಸುವ ಕಂಪನಿಯೊಂದಕ್ಕೆ ನಾನು ಟಾಕೀಸಿನಲ್ಲಿ ತೋರಿಸುವ ಕಾರ್ಟೂನ್ ಜಾಹೀರಾತು ಮಾಡುತ್ತಿದ್ದೆ. ಅದರಲ್ಲಿ ರೇಡಿಯೋ ಕುಣಿಯುತ್ತಾ ಗುಜರಿ ಗಾಡಿ ಹತ್ತಬೇಕಿತ್ತು.

ನೋಡಿ ಬರೆಯೋಣವೆಂದು ಕಂಪನಿಯ ಗಾಡಿಯಲ್ಲಿ ಶಿಕಾರಿಪುರಕ್ಕೆ ಹೋದೆ. ಒಂದು ಮನೆಯೊಡತಿ, "ತಡೀರೀ, ಹಂಗೇ ಬರಿದೇ ಕಳಸಬಾರ್ದು" ಎಂದು ಕೆಟ್ಟುಹೋದ ರೇಡಿಯೋವನ್ನು ಮಣೆ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ರವಿಕೆ ಕಣದಲ್ಲಿ ಅಕ್ಕಿ, ಕೊಬ್ಬರಿ ಇಟ್ಟು, ಗಂಡನ ಮನೆಗೆ ಹೊರಟ ಮಗಳಿಗೆ ತುಂಬುವಂತೆ ಉಡಿ ತುಂಬಿದರು.

"ಅಲ್ಲಿ ಒಡೀತಾರೇನ್ರೀ?"

"ಬಿಚ್ಚಿ ಬೇರೆ ಮಾಡ್ತಾರಮ್ಮಾ" ಎಂದೆ.

"ಹಂಗಾರೆ ಮೆಲ್ಲಕ ಬಿಚ್ಚಾಕೆ ಹೇಳ್ರೀ."

ವಾಪಸ್ ಬಂದವನೇ ಕುಣಿತದ ಚಿತ್ರಗಳನ್ನೆಲ್ಲ ಹರಿದುಹಾಕಿದೆ. ಹೊಸ ಜಾಹೀರಾತಿನಲ್ಲಿ ರೇಡಿಯೋ ಉಡಿ ಹಿಡಿದು, ಹೊಸ್ತಿಲಲ್ಲಿ ಒಮ್ಮೆ ತಿರುಗಿ ನೋಡುತ್ತಿತ್ತು. ಟಾಕೀಸಿನಲ್ಲಿ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರಂತೆ.

ಆಮೇಲೆ ರೇಡಿಯೋ ಮಾತ್ರ ಒಬ್ಬರೂ ಕೊಡಲಿಲ್ಲ.