ಹವಳ ಅಂಟಿಸುವ ಕೈಗೆ ತೆಂಗಿನೆಣ್ಣೆ

ಭಾವನಿಗೆ ಸಮುದ್ರದ ಮೇಲೆ ಪ್ರೀತಿ ಇದ್ದದ್ದನ್ನು ನಾನು ಕಂಡಿಲ್ಲ. ಮಲ್ಪೆಯ ಹತ್ತಿರ ಹುಟ್ಟಿ ಬೆಳೆದ ಮನುಷ್ಯ. ಮೀನು ಕಂಡರೆ ಮೊದಲು ಕೇಳುವುದು "ಫ್ರೈಯಾ, ಪುಳಿಮುಂಚಿಯಾ" ಎಂದು. ಅಂಥವರು ದುಬೈಯ ಮಿರ್ದಿಫ್‌ನ ಫ್ಲಾಟಿನಲ್ಲಿ ಸೋಫಾ ಇಡಬೇಕಾದ ಗೋಡೆಗೆ ಉಪ್ಪುನೀರಿನ ಅಕ್ವೇರಿಯಂ ತಂದು ನಿಲ್ಲಿಸಿ, ಅದರೊಳಗೆ ಜೀವಂತ ಹವಳ ಬೆಳೆಸಲು ಹೊರಟರೆ ಕಾರಣ ಹುಡುಕಲೇಬೇಕಾಗುತ್ತದೆ. ಕಾರಣ ದೂರವೇನೂ ಇರಲಿಲ್ಲ. ಅವರ ಬಾಸ್‌ನ ವಿಲ್ಲಾದಲ್ಲಿ ಅಂಥದೊಂದು ಅಕ್ವೇರಿಯಂ ಇತ್ತು.

ಬಾಸ್ ಉಡುಪಿ ಕಡೆಯವರೇ. ಆಫೀಸಿನಲ್ಲಿ ಭಾವ ಅವರನ್ನು "ಸರ್" ಎನ್ನುತ್ತಿದ್ದರು, ಊರಿನವರ ಸಂಘದ ಕಾರ್ಯಕ್ರಮಗಳಲ್ಲಿ "ಅಣ್ಣ". ಈ ಅಣ್ಣನನ್ನು ಆಫೀಸಿನೊಳಕ್ಕೂ ದಾಟಿಸುವುದು ಹೇಗೆ ಎಂಬುದೇ ಆ ವರ್ಷ ಭಾವನ ಮುಖ್ಯ ಉದ್ಯೋಗ. ಸಾಲದ್ದಕ್ಕೆ ಯಾರೋ ಜೋಯಿಸರು ಹೇಳಿದರೆಂದು ಬೆರಳಿಗೆ ಹವಳದ ಉಂಗುರವನ್ನೂ ಹಾಕಿಕೊಂಡಿದ್ದರು. ಬೆರಳಿನಲ್ಲಿ ಸತ್ತ ಹವಳ, ನೀರಿನಲ್ಲಿ ಬದುಕಿದ ಹವಳ. ಎರಡರಲ್ಲಿ ಯಾವುದು ಫಲ ಕೊಟ್ಟಿತೆಂದು ತಿಳಿಯಬೇಕಾದರೆ ಒಂದನ್ನು ತೆಗೆದು ನೋಡಬೇಕಲ್ಲವೇ ಎಂದು ಕೇಳಿದ್ದೆ. "ನಮ್ಮ ಲಾಯರಮ್ಮನಿಗೆ ಗಂಡು ಸಿಕ್ಕುವುದು ಕಷ್ಟ," ಎಂದರು, ನನ್ನ ವಾದದ ಚಟಕ್ಕೆ ತಾವಿಟ್ಟ ಹೆಸರಿನಲ್ಲಿ. ಅದು ಉತ್ತರವಲ್ಲ, ಆದರೆ ಆ ಮನೆಯಲ್ಲಿ ಉತ್ತರವೆಂದೇ ಲೆಕ್ಕ.

ನಾನು ಕೆಲಸಕ್ಕೆಂದು ಬಂದು ಅಕ್ಕನ ಮನೆಯಲ್ಲಿ ಉಳಿದುಕೊಂಡಿದ್ದ ಕಾಲ. ಅಕ್ಕ ಐದು ತಿಂಗಳ ಬಸುರಿ. ಭಾವನ ಕಂಪನಿಗೆ ಮದೀನತ್ ಜಾಯೆದ್‌ನಲ್ಲಿ ಹೊಸ ಕಾಮಗಾರಿ ಸಿಕ್ಕಿತ್ತು, ದುಬೈ ಆಫೀಸಿನಿಂದ ಒಬ್ಬ ಇಂಜಿನಿಯರ್ ಅಲ್ಲಿಗೆ ಹೋಗಲೇಬೇಕಿತ್ತು, ಯಾರೆಂದು ಆರಿಸುವವರು ಬಾಸ್. ಹೋಗುವುದೆಂದರೆ ಮರಳಿನ ನಡುವೆ ಮೂರು ಗಂಟೆಯ ದಾರಿ, ಕಂಪನಿ ಕೊಡುವ ಬ್ಯಾಚುಲರ್ ರೂಮು. (ಗಲ್ಫಿನಲ್ಲಿ ಹೆಂಡತಿ ಜೊತೆಗಿಲ್ಲದ ಗಂಡಸೆಲ್ಲ ಬ್ಯಾಚುಲರ್, ಮೊಮ್ಮಕ್ಕಳಿದ್ದರೂ ಸರಿ.) ಮೊದಲ ಸಲ ಮಗು ನಿಲ್ಲದೆ ಹೋದಾಗ ಭಾವ ಯಾವುದೋ ಸೈಟಿನಲ್ಲಿದ್ದರು, ಅಕ್ಕ ಒಬ್ಬಳೇ ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಹೋಗಿದ್ದಳು. ಈ ಸಲ ಹೆರಿಗೆಯ ಹೊತ್ತಿಗೆ ಗಂಡ ಹತ್ತಿರವಿರಬೇಕು ಎಂಬುದೊಂದೇ ಅವಳ ಬೇಡಿಕೆ. ದೇವರಿಗೂ ಹೇಳಿಕೊಂಡಿದ್ದಳು, ಅಕ್ವೇರಿಯಂನ ಗಾಜನ್ನೂ ದಿನಾ ಒರೆಸುತ್ತಿದ್ದಳು.

ಗುರುವಾರ ಸಂಜೆ ಭಾವ ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿಕೊಂಡು ಕುಣಿಯುತ್ತ ಬಂದರು. ಚೀಲದಲ್ಲಿ ಹೆಬ್ಬೆರಳು ಗಾತ್ರದ ಹವಳದ ಕೊಂಬೆ. ಮೈ ಹಸಿರು, ತುದಿ ನೇರಳೆ, ಬುಡಕ್ಕೆ ಕೋಟಿನ ಗುಂಡಿಯಂಥ ಸಿಮೆಂಟಿನದೊಂದು ಗುಂಡಿ. ಬಾಸ್ ತಮ್ಮ ಟ್ಯಾಂಕಿನಿಂದಲೇ ಮುರಿದು ಕೊಟ್ಟದ್ದು.

"ಕೈಯಾರೆ ಕೊಟ್ಟರು ಮಾರಾಯ್ತಿ! ಶನಿವಾರ ಊಟಕ್ಕೆ ಬನ್ನಿ ಅಣ್ಣ ಅಂದೆ, ಆಯ್ತು ಅಂದರು. ಅಷ್ಟರೊಳಗೆ ಇದು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಬೇಕು, ಆಯ್ತಾ?"

"ಹಾಗಾದರೆ ನಿಮ್ಮನ್ನು ಕಳಿಸುವುದಿಲ್ಲ," ಅಂದಳು ಅಕ್ಕ. ಕಣ್ಣಲ್ಲಿ ನೀರು.

ಹೂ ಕೊಟ್ಟವನು ಮದುವೆಯಾಗುತ್ತಾನೆಂದು ಅರ್ಥವೇ ಎಂದು ನಾನು ಕೇಳಿದೆ. ಇಬ್ಬರೂ ಆಗಲೇ ಚೀಲವನ್ನು ಟ್ಯಾಂಕಿನತ್ತ ಒಯ್ಯುತ್ತಿದ್ದರು.

ಶುಕ್ರವಾರ ಅರ್ಧ ದಿನದ ಆಫೀಸು ಮುಗಿಸಿ ಬಂದವರೇ ಭಾವ ಲುಂಗಿ ಕಟ್ಟಿ ಟ್ಯಾಂಕಿನ ಮುಂದೆ ಸ್ಟೂಲು ಎಳೆದುಕೊಂಡರು. ಕೈಯಲ್ಲಿ ಸೂಪರ್ ಗ್ಲೂ, ಟೂತ್‌ಪೇಸ್ಟಿನ ಹಾಗೆ ಮಂದವಾಗಿ ಬರುವ ಬಗೆಯದು.

"ಚಪ್ಪಲಿ ಅಂಟಿಸುವ ಗಮ್ಮನ್ನು ಜೀವ ಇರುವ ನೀರಿಗೆ ಹಾಕ್ತೀರಲ್ಲ ಭಾವ, ವಿಷ ಅಲ್ವಾ ಅದು?"

"ಆಸ್ಪತ್ರೆಯಲ್ಲಿ ಗಾಯ ಮುಚ್ಚಲಿಕ್ಕೂ ಇದೇ ಜಾತಿಯ ಗಮ್ ಹಾಕ್ತಾರೆ, ಗೊತ್ತುಂಟಾ? ನೀರು ತಾಗಿದರೆ ಗಟ್ಟಿಯಾಗ್ತದೆ, ಆಮೇಲೆ ಕಲ್ಲಿನ ಹಾಗೆ. ವಿಷ ಅಂತೆ!"

ಫೋನಿನಲ್ಲಿ ಹುಡುಕಿ ನೋಡಿದೆ. ಅವರು ಹೇಳಿದ್ದು ಸರಿಯಿತ್ತು. ಮೊದಲ ಮಾತಿನಲ್ಲೇ ಸೋತವರ ಎರಡನೆಯ ಮಾತನ್ನು ಯಾರೂ ಕೇಳುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಈ ನಿಯಮದ ಬಲದಿಂದಲೇ ನಾನು ಎಷ್ಟೋ ಜನರನ್ನು ಮಣ್ಣುಮುಕ್ಕಿಸಿದ್ದೆ.

ಕೆಲಸ ಹೇಳುವುದಕ್ಕೆ ಸುಲಭ. ಗುಂಡಿಯ ತಳವನ್ನು ಟಿಶ್ಯೂನಲ್ಲಿ ಒರೆಸಿ ಒಣಗಿಸುವುದು, ಒಂದು ಮುದ್ದೆ ಗಮ್ ಹಚ್ಚುವುದು, ನೀರಿನೊಳಗೆ ಇಳಿಸಿ ಕಲ್ಲಿಗೆ ಒತ್ತಿ ಸ್ವಲ್ಪ ತಿರುಚಿ ಹಿಡಿಯುವುದು. ಭಾವ ಹಿಡಿದರು. ಕೈ ತೆಗೆಯಲು ನೋಡಿದರೆ ಹವಳವೂ ಕೈಯ ಜೊತೆ ಬಂತು: ಹೆಬ್ಬೆರಳು, ತೋರುಬೆರಳು, ನಡುವೆ ಬಾಸ್ ಕೊಟ್ಟ ಉಡುಗೊರೆ. ಬಿಡಿಸಿದಾಗ ಬೆರಳಿನ ಚರ್ಮವೂ ಕಿತ್ತು ಬಂತು. ನಾನು ನಕ್ಕೆ. ಅಕ್ಕ ನಗಲಿಲ್ಲ, ಅಡುಗೆಮನೆಗೆ ಹೋಗಿ ಊರಿನಿಂದ ತಂದ ತೆಂಗಿನೆಣ್ಣೆಯ ಬಾಟಲಿ ಹಿಡಿದುಕೊಂಡು ಬಂದಳು.

"ಹಲಸಿನ ಹಣ್ಣು ಬಿಡಿಸುವಾಗ ಎಂತ ಮಾಡ್ತೇವೆ? ಕೈಗೆ ಎಣ್ಣೆ ಹಚ್ಚಿಕೊಳ್ಳಿ, ಮೇಣ ಹತ್ತಿರ ಬರುವುದಿಲ್ಲ."

"ಅಕ್ಕಾ, ಹಲಸಿಗೆ ಎಣ್ಣೆ ಹಚ್ಚುವುದು ಅಂಟಬಾರದು ಅಂತ. ಇಲ್ಲಿ ಅಂಟಬೇಕು."

"ಅಂಟಬೇಕಾದ್ದು ಕಲ್ಲಿಗೆ, ಕೈಗಲ್ಲ," ಅಂದರು ಭಾವ, ಅಂಗೈ ಚಾಚಿ. "ಎಣ್ಣೆ ಕೈಗೆ ಮಾತ್ರ ಹಚ್ಚುವುದು. ವಿಷದ ವಿಷಯ ಒಮ್ಮೆ ಆಯ್ತಲ್ಲ, ಇನ್ನು ಸಾಕು ನಿನ್ನ ಭಾಷಣ."

ಎಣ್ಣೆ ಕೈಯಲ್ಲೇ ಉಳಿಯಲಿಲ್ಲ. ಗುಂಡಿಯ ತಳಕ್ಕೆ ಹೋಯಿತು, ಕಲ್ಲಿಗೆ ಹೋಯಿತು, ನೀರಿನ ಮೇಲೆ ಬಣ್ಣಬಣ್ಣದ ಪೊರೆಯಾಗಿ ಹರಡಿತು. ನೀರಿನ ಕೊಳೆಯನ್ನು ನೊರೆಯಾಗಿ ಎತ್ತಿ ಹೊರಹಾಕುವ ಯಂತ್ರ ನೊರೆ ಏಳಿಸುವುದನ್ನೇ ಬಿಟ್ಟಿತು. ಆದರೂ ಹವಳ ನಿಂತಿತು. ಭಾವ ಫೋಟೋ ತೆಗೆದು ಬಾಸ್‌ಗೆ ಕಳಿಸಿದರು. ಬಾಸ್ ಹೆಬ್ಬೆರಳಿನ ಚಿತ್ರ ಕಳಿಸಿದರು.

ಬೆಳಗಾಗುವಾಗ ಹವಳ ಬಿದ್ದಿತ್ತು, ಬಿದ್ದದ್ದು ನೆರೆಯ ಹವಳದ ಮೇಲೆ. ಗಾಜಿನ ಹೊರಗಿನಿಂದ ನೋಡುವವರಿಗೆ ಇವು ಹೂತೋಟ. ಒಳಗಿನ ವ್ಯವಹಾರ ಬೇರೆ. ಕಾಲಿಲ್ಲದ ಪ್ರಾಣಿಗಳು; ನೆರೆಯವನು ಬೇಡವೆಂದರೆ ಎದ್ದು ಹೋಗುವಂತಿಲ್ಲ, ಆದ್ದರಿಂದ ಸುಡುತ್ತವೆ. ಉದ್ದುದ್ದ ಬೆರಳುಗಳ ಆ ಹವಳ ತನ್ನ ಮೇಲೆ ಬಿದ್ದದ್ದನ್ನು ಇಡೀ ರಾತ್ರಿ ಸವರಿ ಸವರಿ ಸುಟ್ಟಿತ್ತು. ಹವಳವೆಂದರೆ ಸುಣ್ಣದ ಮೇಲಿನ ತೆಳು ಚರ್ಮ ಅಷ್ಟೇ. ಒಂದು ಮಗ್ಗುಲಿನ ಚರ್ಮ ಪೂರ್ತಿ ಹೋಗಿ ಬೆಳ್ಳಗೆ ಕಾಣುತ್ತಿತ್ತು.

"ನಿನ್ನ ಹಾಳು ಎಣ್ಣೆ!" ಭಾವ ಅಕ್ಕನ ಕಡೆ ತಿರುಗಿದರು. "ಒಂದು ಕೆಲಸ ನೆಟ್ಟಗೆ ಮಾಡ್ಲಿಕ್ಕೆ ಬಿಟ್ಟಿದ್ದುಂಟಾ ನೀನು? ನಾನು ಆ ಮರಳಿಗೆ ಹೋದರೆ ನಿನ್ನಿಂದಲೇ ಹೋಗುವುದು, ನೆನಪಿಟ್ಟುಕೋ."

ಅಕ್ಕ ಕೋಳಿಗೆ ಮಸಾಲೆ ಕಲಸುತ್ತಿದ್ದಳು. ಕಲಸುತ್ತಲೇ ಇದ್ದಳು. ಕೈಗೆ ಎಣ್ಣೆ ಹಚ್ಚಿಕೊಂಡದ್ದು ಯಾರು ಎಂದು ನಾನು ಕೇಳಿದೆ. "ನೀನು ಸುಮ್ಮನಿರು," ಅಂದಳು ಅಕ್ಕ, ನನಗೆ.

ಭಾವ ಪಾತ್ರೆ ತೊಳೆಯುವ ಸೋಪಿನಲ್ಲಿ ಕೈ ತಿಕ್ಕಿ ತಿಕ್ಕಿ ತೊಳೆದರು. ಗುಂಡಿಯನ್ನೂ ಕೆರೆದರು. ಈ ಸಲ ಗಮ್ ಹಿಡಿಯಿತು, ಚೆನ್ನಾಗಿಯೇ ಹಿಡಿಯಿತು. ಹಸಿರು ಮಗ್ಗುಲು ಸೋಫಾದ ಕಡೆಗೆ, ಬಿಳಿ ಮಗ್ಗುಲು ಗೋಡೆಯ ಕಡೆಗೆ.

ಮಧ್ಯಾಹ್ನ ಬಾಸ್ ಬಂದರು. ಮೆಲುಮಾತಿನ, ಚೆನ್ನಾಗಿ ಇಸ್ತ್ರಿಯಾದ ಮನುಷ್ಯ. ಕೋರಿ ರೊಟ್ಟಿಯನ್ನು ಹೊಗಳಿ ತಿಂದರು, ಅಂಜಲ್ ಮೀನಿನ ಫ್ರೈಯನ್ನು ಹೊಗಳಿ ಇನ್ನೊಂದು ತುಂಡು ಹಾಕಿಸಿಕೊಂಡರು. ಕೈ ತೊಳೆದು ಟ್ಯಾಂಕಿನ ಮುಂದೆ ನಿಂತರು. ಮುಂದೆ ನಿಂತು ನೋಡುವುದು ಸಾಮಾನ್ಯರ ಪದ್ಧತಿ. ಇವರು ಪಕ್ಕಕ್ಕೆ ಹೋಗಿ, ಬಗ್ಗಿ, ಬದಿಯ ಗಾಜಿಗೆ ಕೆನ್ನೆ ತಾಗಿಸಿ ಕಲ್ಲಿನ ಹಿಂದುಗಡೆ ಕಣ್ಣು ಹಾಯಿಸಿದರು. ಆಮೇಲೆ ನಕ್ಕರು.

"ಸತ್ತ ಮುಖವನ್ನು ಗೋಡೆಗೆ ತಿರುಗಿಸಿ ಅಂಟಿಸಿದ್ದೀಯಲ್ಲ ಮಾರಾಯ! ಒಂದು ಚೂರು ಗಮ್ ಹೊರಗೆ ಕಾಣುವುದಿಲ್ಲ. ಭೇಷ್. ಇಂಥವನೇ ನನಗೆ ಬೇಕು ಅಲ್ಲಿಗೆ."

"ಎಲ್ಲಿಗೆ, ಅಣ್ಣ?"

"ಮದೀನತ್ ಜಾಯೆದ್‌ಗೆ. ಮುಂದಿನ ವಾರ ಹೊರಡು."

"ಸರಿ ಸರ್," ಅಂದರು ಭಾವ.

ಪಾಯಸದ ಬಟ್ಟಲು ಹಿಡಿದು ಬಂದ ಅಕ್ಕ ಅಲ್ಲೇ ನಿಂತಳು. "ಸರ್, ನನಗೆ ಡೆಲಿವರಿ ಆಗುವವರೆಗಾದರೂ ಇವರು ಇಲ್ಲಿ..."

"ಹೆರುವವಳು ನೀನಲ್ವಾ ತಂಗಿ? ಇವನು ಇದ್ದು ಎಂತ ಮಾಡ್ಲಿಕ್ಕುಂಟು?" ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಂಡರು. "ಊರಿಂದ ಅಮ್ಮನನ್ನು ಕರೆಸಿಕೋ. ಆಹಾ, ಪಾಯಸ ಫಸ್ಟ್ ಕ್ಲಾಸ್."

ಬೀಳ್ಕೊಡಲು ಭಾವನ ಜೊತೆ ನಾನೂ ಕೆಳಗೆ ಪಾರ್ಕಿಂಗಿಗೆ ಹೋದೆ. ಬಾಸ್ ಕಾರಿನಲ್ಲಿ ಕುಳಿತ ಮೇಲೆ ಕಿಟಕಿಯ ಹತ್ತಿರ ಬಗ್ಗಿ ಕೇಳಿದೆ, "ಸರ್, ಇದು ತೀರ್ಮಾನ ಆದದ್ದು ಯಾವಾಗ?"

"ಗುರುವಾರ ಬೆಳಿಗ್ಗೆ."

"ಸಂಜೆ ಹವಳ ಕೊಟ್ಟಿರಿ."

"ಹೋಗುವವನಿಗೆ ಏನಾದರೂ ಕೊಡಬೇಕಲ್ಲ."

"ಹಾಗಾದರೆ ಇವತ್ತು ಊಟಕ್ಕೆ ಯಾಕೆ ಬಂದಿರಿ?"

"ಕರೆದರಲ್ಲ ತಂಗಿ," ಅಂದರು ಬಾಸ್. ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜಕ್ಕೂ ಆಶ್ಚರ್ಯವಿತ್ತು. ಆಮೇಲೆ ಭಾವನಿಗೆ, "ಅಲ್ಲಿ ರೂಮಿನಲ್ಲಿ ಟ್ಯಾಂಕಿಗೆ ಜಾಗ ಇಲ್ಲ. ಹವಳ ಎಲ್ಲ ನನ್ನಲ್ಲಿಗೆ ಕಳಿಸು. ನಾನು ಕೊಟ್ಟದ್ದರಲ್ಲೂ ಅರ್ಧಕ್ಕೆ ಜೀವ ಉಂಟು. ಯಲ್ಲಾ, ಬರ್ತೇನೆ."

ಲಿಫ್ಟಿನಲ್ಲಿ ಮೇಲೆ ಬಂದೆವು. ಮನೆಯೊಳಗೆ ಅಕ್ಕ ಎಂಜಲು ತಟ್ಟೆಗಳ ಮುಂದೆ ಕುಳಿತಿದ್ದಳು. "ಎಣ್ಣೆ ಕೊಟ್ಟದ್ದು ನಾನಲ್ವಾ," ಅಂದಳು. "ನಾನು ಕೊಡದಿದ್ದರೆ ಅದು ಬೀಳ್ತಿರಲಿಲ್ಲ. ಸರ್‌ಗೆ ಸಿಟ್ಟೂ ಬರ್ತಿರಲಿಲ್ಲ."

ಇಷ್ಟು ಸುಲಭದ ಕೇಸು ನನಗೆ ಯಾವ ವೇದಿಕೆಯಲ್ಲೂ ಸಿಕ್ಕಿರಲಿಲ್ಲ. ತೀರ್ಮಾನ ಗುರುವಾರದ್ದು, ಎಣ್ಣೆ ಶುಕ್ರವಾರದ್ದು. ಶುಕ್ರವಾರ ಸುರಿದ ಎಣ್ಣೆಗೆ ಗುರುವಾರ ಕಾಲು ಜಾರುವುದಿಲ್ಲ. ಇದನ್ನು ಬಾಸ್ ಸ್ವಂತ ಬಾಯಿಯಿಂದ ಹೇಳಿದ್ದಾರೆ, ಕೇಳಿಸಿಕೊಂಡವರು ಇಬ್ಬರು, ಇಬ್ಬರೂ ಇಲ್ಲೇ ಇದ್ದೇವೆ ಎಂದೆ.

ಅಕ್ಕ ತಲೆಯೆತ್ತಿದಳು. ಮುಖಕ್ಕೆ ಸ್ವಲ್ಪ ಕಳೆ ಬಂತು. "ಹೌದಾ?" ಎಂದು ಭಾವನನ್ನು ಕೇಳಿದಳು. "ಗುರುವಾರವೇ ಆಗಿತ್ತಾ?"

ಭಾವ ಟ್ಯಾಂಕಿನ ಮುಂದೆ ನಿಂತಿದ್ದರು. ಗುರುವಾರ ಎಂದು ಒಪ್ಪಿದರೆ ಒಂದು ವರ್ಷದ ಅಣ್ಣ ಅಣ್ಣ, ಬೆರಳಿನ ಉಂಗುರ, ಗೋಡೆಯುದ್ದದ ಈ ಉಪ್ಪುನೀರು, ಎಲ್ಲವೂ ತಮಾಷೆಯಾಗುತ್ತದೆ. ಎಣ್ಣೆ ಎಂದರೆ ಹಾಗಲ್ಲ. ಗೆಲುವು ಕೈಗೆ ಬಂದಿತ್ತು, ಹೆಂಡತಿ ತಪ್ಪಿಸಿದಳು ಎನ್ನಬಹುದು. ಅವರು ಯೋಚಿಸಿದ್ದು ಒಂದೇ ಕ್ಷಣ.

"ಅವರು ಹಾಗೆ ಹೇಳಲೇ ಇಲ್ಲ," ಅಂದರು. "ಹವಳ ನೋಡಿದ ಮೇಲೆ ಮನಸ್ಸು ಬದಲಾಯಿಸಿದ್ದು. ಇವಳಿಗೆ ವಾದ ಗೆದ್ದರೆ ಆಯ್ತು, ಅಷ್ಟೇ."

"ಭಾವ, ನಿಮ್ಮ ಮುಂದೆಯೇ ಹೇಳಿದ್ದಲ್ವಾ?"

"ಸಾಕು ಮಾಡು," ಅಂದದ್ದು ಅಕ್ಕ. "ಅವರು ಹೋಗುವ ಬೇಜಾರಲ್ಲಿದ್ದಾರೆ."

ಭಾನುವಾರ ಭಾವ ಉಳಿ ಮತ್ತು ಇಕ್ಕಳ ಹಿಡಿದು ಹವಳಗಳನ್ನು ಕಿತ್ತರು. ಹಳೆಯವು ಹೇಗೋ ಬಂದವು. ಬಾಸ್ ಕೊಟ್ಟದ್ದು ಮಾತ್ರ ಬರಲಿಲ್ಲ. ಎರಡನೆಯ ಸಲ ಅಷ್ಟು ಭದ್ರವಾಗಿ ಅಂಟಿಸಿದ್ದರು. ಕಲ್ಲಿನ ಸಮೇತ ಬಕೆಟ್ಟಿಗೆ ಹಾಕಿದರು. ವಿಲ್ಲಾದ ವಾಚ್‌ಮನ್ ಇಳಿಸಿಕೊಂಡ, ಬಾಸ್ ಹೊರಗೆ ಬರಲಿಲ್ಲ.

ಹೆರಿಗೆಯ ಹೊತ್ತಿಗೆ ಅಮ್ಮನಿಗೆ ಮಂಡಿ ಆಪರೇಷನ್ ಆಗಿತ್ತು, ಬರಲಾಗಲಿಲ್ಲ. ದಿನ ತುಂಬುವ ಮೊದಲೇ ಅಕ್ಕನಿಗೆ ನೋವು ಬಂತು. ಟ್ಯಾಕ್ಸಿಯಲ್ಲಿ ಜೊತೆಗಿದ್ದವಳು ನಾನು. ಲೇಬರ್ ರೂಮಿನ ಬಾಗಿಲು ಮುಚ್ಚುವವರೆಗೂ ಅವಳು ಕೇಳಿದ್ದು "ಹೊರಟರಂತಾ? ಎಲ್ಲಿಗೆ ಮುಟ್ಟಿದರಂತೆ?" ಎಂದು. ಸೈಟಿನಲ್ಲಿ ಕಾಂಕ್ರೀಟ್ ಹಾಕುವ ದಿನ, ಬಿಟ್ಟು ಬರುವಂತಿಲ್ಲ ಎಂದು ಭಾವ ಆಗಲೇ ನನಗೆ ಹೇಳಿದ್ದರು. ದಾರಿಯಲ್ಲಿದ್ದಾರೆ ಎಂದೆ.

ಮಗಳು ಹುಟ್ಟಿದಳು. ಭಾವ ಬಂದದ್ದು ಮರುದಿನ ಸಂಜೆ, ಶೂ ತುಂಬ ಮರಳು. ಅಕ್ಕ ಎದ್ದು ಕೂರಲು ನೋಡಿ, ಆಗದೆ, ಮಲಗಿದಲ್ಲೇ ಹೇಳಿದಳು: "ನೋಡಿ, ನನ್ನ ಬುದ್ಧಿಯಿಂದ ನಿಮಗೆ ಮಗು ಹುಟ್ಟುವಾಗ ಇರ್ಲಿಕ್ಕೆ ಆಗಲಿಲ್ಲ. ಆ ಎಣ್ಣೆ ಒಂದು ಕೊಡದಿದ್ದರೆ..."

ನಾನು ಭಾವನ ಮುಖವನ್ನೇ ನೋಡುತ್ತಿದ್ದೆ. ಅವರು ಮಗುವನ್ನು ಎತ್ತಿಕೊಂಡರು, ಜಾಗ್ರತೆಯಿಂದ, ತಲೆಯ ಕೆಳಗೆ ಕೈ ಕೊಟ್ಟು.

"ಹೋಗ್ಲಿ ಬಿಡು ಮಾರಾಯ್ತಿ," ಅಂದರು. "ನೀನು ಬೇಕೂಂತ ಮಾಡಿದ್ದಲ್ಲವಲ್ಲ. ನಾನು ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ."