ಅಕ್ಕನ ಎಡಗೆನ್ನೆ

ಅಟ್ಟದಿಂದ ಇಳಿಸಿದ ಹಳೆಯ ಕಂಪ್ಯೂಟರಿಗೆ ಇವತ್ತು ಬೆಳಿಗ್ಗೆ ಕರೆಂಟು ಕೊಟ್ಟೆ. ಎರಡು ನಿಮಿಷ ಕಳೆಯಿತೋ ಇಲ್ಲವೋ, ಆ ವಾಸನೆ ಬಂತು. ಬಿಸಿಯಾದ ಧೂಳಿನ ವಾಸನೆ. ನಿಮ್ಮ ಮನೆಯಲ್ಲೂ ಒಂದು ಕಾಲದಲ್ಲಿ ಇಂಥ ಡಬ್ಬಿ ಇದ್ದಿದ್ದರೆ ನಿಮಗೂ ಅದರ ಪರಿಚಯ ಇದ್ದೇ ಇರುತ್ತದೆ.

"ಭಂಗಾರ್‌ವಾಲಾ ಹನ್ನೊಂದಕ್ಕೆ ಬರ್ತಾನೆ. ಹೋಗುವ ಹೆಣಕ್ಕೆ ಮತ್ತೆ ಪ್ರಾಣಪ್ರತಿಷ್ಠೆ ಎಂತಕ್ಕೆ?" ಎಂದಳು ಹೆಂಡತಿ.

ಗುಜರಿಯವನ ಕೈಗೆ ಹೋಗುವ ಮೊದಲು ಅದನ್ನೊಮ್ಮೆ ತೆರೆಯಬೇಕಿತ್ತು. ಇವತ್ತು ಅಕ್ಕನ ಶ್ರಾದ್ಧ. ಮಧ್ಯಾಹ್ನ ಲೋಕಲ್ ರೈಲು ಹಿಡಿದು ಕಲ್ಯಾಣಕ್ಕೆ, ಭಾವನ ಮನೆಗೆ ಹೋಗಬೇಕು. ಅದಕ್ಕೆ ಮೊದಲು ಈ ಯಂತ್ರದಲ್ಲಿ ಒಂದು ಫೋಟೋವನ್ನು ಕೊನೆಯ ಸಲ ಹುಡುಕಬೇಕಿತ್ತು. ಅದು ಇಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಇಲ್ಲದ್ದನ್ನು ಹುಡುಕುವುದರಲ್ಲಿ ನನಗೆ ಈಗ ವರ್ಷಗಳ ಅಭ್ಯಾಸ.

ಆ ಕಂಪ್ಯೂಟರು ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಗೆ ಬಂದಾಗ ನಾನು ಠಾಣೆ ನಗರದ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಡಿಜಿಟಲ್ ಕ್ಯಾಮೆರಾ ಕೂಡ ಆಗಲೇ ಕೊಂಡದ್ದು. ಫೋಟೋ ತಿದ್ದುವ ಸಾಫ್ಟ್‌ವೇರನ್ನು ಯಾರೋ ಸಿ.ಡಿ.ಯಲ್ಲಿ ಕೊಟ್ಟರು. ಆರು ತಿಂಗಳಲ್ಲಿ ನಾನು ನಮ್ಮ ಕಡೆಯ ಜನರಿಗೆಲ್ಲ 'ಫೋಟೋ ಸರಿ ಮಾಡುವವನು' ಆಗಿಬಿಟ್ಟೆ. ಯಾರಾದರೂ ತೀರಿಕೊಂಡರೆ ಹನ್ನೆರಡನೆಯ ದಿನದೊಳಗೆ ಒಂದು ಹಳೆಯ ಗುಂಪುಚಿತ್ರ ನನ್ನ ಕೈಗೆ ಬರುತ್ತಿತ್ತು. ಅದರಲ್ಲಿ ತೀರಿಕೊಂಡವರ ತಲೆ ಕಡಲೆಕಾಳಿನಷ್ಟು. ನಾನು ಅದನ್ನು ದೊಡ್ಡದು ಮಾಡಿ, ಪಕ್ಕದವರ ಕೈಯನ್ನು ಹೆಗಲಿನಿಂದ ತೆಗೆದು, ಹಿಂದೆ ನೀಲಿ ಬಣ್ಣ ತುಂಬಿ, ಕೋಟು ತೊಡಿಸಬೇಕು. ನಲವತ್ತು ವರ್ಷ ದೋಸೆ ಕಾವಲಿಯ ಮುಂದೆ ಬನಿಯನಿನಲ್ಲಿ ನಿಂತವರಿಗೂ ನಾನು ಕೋಟು ಹಾಕಿಸಿದ್ದೇನೆ. ಇಡೀ ಸಮಾಜಕ್ಕೆ ಒಂದೇ ಕೋಟು, ಕಂದು ಬಣ್ಣದ್ದು. ಸೂಕ್ಷ್ಮವಾಗಿ ನೋಡಿದರೆ ಎಲ್ಲರ ಮನೆಯ ಗೋಡೆಯಲ್ಲೂ ಆ ಮೂರನೆಯ ಗುಂಡಿ ಸ್ವಲ್ಪ ಸಡಿಲ.

ಆದರೆ ಯಂತ್ರ ಮಹಾ ನಿಧಾನ. ಕೆನ್ನೆಯ ಒಂದು ಚುಕ್ಕೆ ಒರೆಸಿದರೆ ಪರದೆಯ ಮೇಲೆ ಮರಳು ಗಡಿಯಾರ ಬಂದು ಕೂರುತ್ತಿತ್ತು. ಒಂದು ಹಸಿರು ಪಟ್ಟಿ ತೆವಳುತ್ತ ತೆವಳುತ್ತ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಅಷ್ಟರಲ್ಲಿ ನಮ್ಮ ಕಡೆಯ ಲೋಡ್ ಶೆಡ್ಡಿಂಗ್ ಹೊತ್ತಾಗಿ ಕರೆಂಟು ಹೋದರೆ ಮುಗಿಯಿತು, ಕೋಟು, ನೀಲಿ ಬಣ್ಣ ಎಲ್ಲ ನೀರಿನಲ್ಲಿ ಹೋಮ. ಹಾಗಾಗಿ ಅದರ ವೇಗ ಹೆಚ್ಚಿಸುವುದೇ ನನಗೆ ಒಂದು ವ್ರತವಾಯಿತು. ಪರದೆಯ ಮೇಲಿನ ಕೃಷ್ಣನ ಚಿತ್ರ ತೆಗೆದೆ. ಬೇಡದ ಅಕ್ಷರಶೈಲಿಗಳನ್ನು ತೆಗೆದೆ. ಡಬ್ಬಿಯ ಪಕ್ಕದ ತಗಡು ಬಿಚ್ಚಿ, ಮನೆಗಿದ್ದ ಒಂದೇ ಟೇಬಲ್ ಫ್ಯಾನನ್ನು ಅದರ ಹೊಟ್ಟೆಗೆ ತಿರುಗಿಸಿದೆ.

"ಮನುಷ್ಯರು ಬೆವರಿ ಸಾಯ್ಲಿ, ನಿನ್ನ ಡಬ್ಬಿಗೆ ಗಾಳಿ ಆಗ್ಲಿ," ಎಂದಿದ್ದಳು ಅಕ್ಕ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ಬೇಗ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ನನ್ನ ತಲೆ ನರೆತ ಮೇಲೂ "ಮಾಣಿ" ಎಂದೇ ಕರೆಯುತ್ತಿದ್ದಳು. ಭಾನುವಾರ ಬೆಳಿಗ್ಗೆ ಕಲ್ಯಾಣದಿಂದ ಲೋಕಲ್ ಹಿಡಿದು ಬಂದು, ನನ್ನ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಕೂತು, ಮಡಿಲಿನಲ್ಲಿ ಅಲಸಂಡೆಯ ರಾಶಿ ಇಟ್ಟುಕೊಂಡು ಮುರಿಯುವಳು. ಮರಳು ಗಡಿಯಾರ ಬಂದಾಗಲೆಲ್ಲ ಅವಳ ಮಾತು ಶುರು. ಪರದೆಯ ಮೇಲಿದ್ದವರು ಯಾರು, ಯಾವ ಹೋಟೆಲಿನಲ್ಲಿದ್ದರು, ಅವರಿಗೆ ಯಾವುದರ ಆಸೆ ಇತ್ತು, ಎಲ್ಲ ಬರುತ್ತಿತ್ತು. ಪಟ್ಟಿ ತುಂಬಿದ ಕೂಡಲೇ, "ಆಯ್ತು, ನಿನ್ನ ಕೆಲಸ ಮಾಡು" ಎಂದು ಸುಮ್ಮನಾಗುವಳು. ನನ್ನ ತಾಯಿಗೆ ಹಾಡಲು ಬರುತ್ತಿತ್ತು ಎಂಬುದು ನನಗೆ ತಿಳಿದದ್ದು ಅಂಥ ಒಂದು ಕಾಯುವಿಕೆಯಲ್ಲಿ.

ಈಗ ಅಕ್ಕನ ಎಡಗೆನ್ನೆಯ ವಿಷಯ ಹೇಳಬೇಕು. ಇಷ್ಟು ಹೊತ್ತು ಕೋಟು, ಫ್ಯಾನು ಎಂದು ಸುತ್ತಿ ಬಳಸಿ ಬಂದದ್ದು ಇದನ್ನು ತಪ್ಪಿಸಲಿಕ್ಕೇ. ಅಲ್ಲೊಂದು ಸುಟ್ಟ ಕಲೆಯಿತ್ತು. ಕಣ್ಣಿನ ಕೆಳಗೆ ಶುರುವಾಗಿ ಕಿವಿಯ ಕಡೆ ಹೋಗಿ, ಅಲ್ಲಿಂದ ದವಡೆಗೆ ಇಳಿಯುತ್ತಿತ್ತು. ನಾನು ಒಂಬತ್ತರ ಹುಡುಗನಾಗಿದ್ದಾಗ, ಚಾಳಿನ ಮನೆಯಲ್ಲಿ ಅಕ್ಕ ಗೋಳಿಬಜೆ ಕರಿಯುತ್ತಿದ್ದಳು. ನಾನೂ ಒಂದು ಬಿಡುತ್ತೇನೆ ಎಂದು ಹಟ ಹಿಡಿದೆ. ಬೆರಳು ಸುಡುತ್ತದೆಂಬ ಹೆದರಿಕೆಗೆ ಹಿಟ್ಟನ್ನು ಮೇಲಿನಿಂದಲೇ ಬಾಣಲೆಗೆ ಎಸೆದೆ. ಎಣ್ಣೆ ಹಾರಿತು. "ನಾನೇ ತುಂಬ ಬಗ್ಗಿದೆ," ಎಂದು ಅಕ್ಕ ಅಪ್ಪನಿಗೆ ಹೇಳಿದಳು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಆಗ ಅವಳಿಗೆ ಗಂಡು ಹುಡುಕುತ್ತಿದ್ದರು. ಸ್ಟುಡಿಯೋದವನು ಅವಳ ಮುಖ ತಿರುಗಿಸಿ ಬಲಗೆನ್ನೆ ಮಾತ್ರ ತೆಗೆದ. ಮದುವೆಯ ಆಲ್ಬಮ್ಮಿನಲ್ಲೂ ಅಕ್ಕ ಪ್ರತಿ ಪುಟದಲ್ಲೂ ಒಂದೇ ಕಡೆ ನೋಡುತ್ತಾಳೆ.

ಅವಳು ಮುಖ ತಿರುಗಿಸದೆ ನೇರವಾಗಿ ನೋಡಿದ್ದು ನನ್ನ ಕ್ಯಾಮೆರಾವನ್ನು ಮಾತ್ರ. ಆ ಫೋಟೋಗಳಲ್ಲಿ ಕಲೆಯನ್ನು ನಾನು ಒರೆಸುತ್ತಿದ್ದೆ. ಅವಳು ಕೇಳಿರಲಿಲ್ಲ. ನಾನೇ, ಪ್ರತಿಯೊಂದರಲ್ಲೂ, ಮೊದಲ ಕೆಲಸವಾಗಿ ಒರೆಸುತ್ತಿದ್ದೆ. ಅದರಲ್ಲಿ ನನ್ನ ಕೈ ಎಷ್ಟು ಪಳಗಿತ್ತೆಂದರೆ ಚರ್ಮದ ರಂಧ್ರಗಳೂ ಸಹಜವಾಗಿ ಕಾಣುತ್ತಿದ್ದವು. ನನಗೆ ಅದರ ಹೆಮ್ಮೆಯೂ ಇತ್ತು, ನೋಡಿ.

ಆಫೀಸಿನಲ್ಲಿ ಒಬ್ಬ ಮರಾಠಿ ಗೆಳೆಯನಿದ್ದ, ಕಂಪ್ಯೂಟರ್ ಬಲ್ಲವನು. ನನ್ನ ಗೋಳು ಕೇಳಿ ಕೇಳಿ ಒಂದು ದಿನ ಹೇಳಿದ: "ಅರೇ, ಜುನೇ ಫೋಟೋ ಕಶಾಲಾ ಠೇವತೋಸ್? ಕಾಢೂನ್ ಟಾಕ್. ಮಷೀನ್ ಪಳೇಲ್ ಬಘ್." ಹಳೆಯದನ್ನೆಲ್ಲ ಯಾಕೆ ಇಟ್ಟುಕೊಳ್ಳುತ್ತೀ, ತೆಗೆದು ಹಾಕು, ಯಂತ್ರ ಓಡುತ್ತದೆ ಎಂದು. ತಪ್ಪು ಅವನದಲ್ಲ. ಹಾರ್ಡ್ ಡಿಸ್ಕ್ ತುಂಬಿತ್ತು. ಸಾಫ್ಟ್‌ವೇರಿಗೆ ಕೈಕಾಲು ಆಡಿಸಲು ಜಾಗ ಬೇಕಿತ್ತು. ನನ್ನಲ್ಲಿ ಎರಡು ಫೋಲ್ಡರುಗಳಿದ್ದವು: 'ಮೂಲ', 'ಸರಿಯಾದದ್ದು'. ಸರಿಯಾದದ್ದು ಇರುವಾಗ ಸರಿಯಿಲ್ಲದ್ದು ಯಾಕೆ? ಒಂದು ಶನಿವಾರ ಸಂಜೆ 'ಮೂಲ'ವನ್ನು ಅಳಿಸಿದೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಹೊಸ ರ್‍ಯಾಮ್ ಹಾಕಿದೆ. ಹಿಂದಕ್ಕೆ ಹೋಗಲು ಸಾಫ್ಟ್‌ವೇರ್ ನೆನಪಿಟ್ಟುಕೊಳ್ಳುವ ಹೆಜ್ಜೆಗಳನ್ನು ಇಪ್ಪತ್ತರಿಂದ ಮೂರಕ್ಕೆ ಇಳಿಸಿದೆ. ಯಂತ್ರ ನಿಜವಾಗಿಯೂ ಓಡಿತು.

ಮರುದಿನ ಅಕ್ಕ ಬಂದಳು, ಸ್ಟೂಲ್ ಹಾಕಿಕೊಂಡಳು. ಹಿಂದಿನ ವಾರ ತೆಗೆದ, ಕ್ಯಾಮೆರಾದಿಂದ ಆಗಷ್ಟೇ ಇಳಿಸಿದ ಅವಳದೇ ಫೋಟೋ ತೆರೆದು ಕೆನ್ನೆಯ ಮೇಲೆ ಕುಂಚ ಇಟ್ಟೆ.

"ಮಾಣಿ, ಇದನ್ನು ಒರೆಸುವಾಗ ನಿಂಗೆ ಎಂತ ಅನಿಸ್ತದೆ?"

"ಎಂತದೂ ಇಲ್ಲ. ಚಂದ ಕಾಣ್ಲಿ ಅಂತ."

"ಅಲ್ಲ ಮಾರಾಯ, ನಾನು ಹೇಳುದು ಕೇಳು. ಅವತ್ತು ನಾನು..."

"ಆಯ್ತು ನೋಡು!" ಎಂದೆ. ಮರಳು ಗಡಿಯಾರ ಬಂದೇ ಇರಲಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಕೆನ್ನೆ ನುಣುಪಾಗಿತ್ತು. ನಾನು ಬಹುಮಾನ ಗೆದ್ದ ಹುಡುಗನ ಹಾಗೆ ಅವಳ ಮುಖ ನೋಡಿದೆ.

"ಆಯ್ತಾ? ಇಷ್ಟು ಬೇಗ?" ಎಂದಳು. ಸ್ವಲ್ಪ ಹೊತ್ತು ಪರದೆ ನೋಡಿದಳು. ಆಮೇಲೆ ಅಲಸಂಡೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಆ ಫೋಟೋವನ್ನು ನಾನು ಹಳೆಯದರ ಮೇಲೆಯೇ ಉಳಿಸಿದೆ. ಜಾಗ ಉಳಿಯಲಿ ಎಂದು. ಅವತ್ತು ಏನಾಗಿತ್ತು, ಅವಳು ಏನು ಹೇಳಲು ಹೊರಟಿದ್ದಳು ಎಂದು ನಾನು ಕೇಳಲಿಲ್ಲ. ಮುಂದಿನ ಭಾನುವಾರಗಳಲ್ಲಿ ಅವಳು ಬಂದರೂ ಅಡುಗೆಮನೆಯಲ್ಲೇ ನನ್ನ ಹೆಂಡತಿಯ ಜೊತೆ ಕೂರುತ್ತಿದ್ದಳು. ನನ್ನ ಪಕ್ಕ ಕೂತು ಮಾಡುವುದೇನು? ಕಾಯುವ ಹೊತ್ತೇ ಉಳಿದಿರಲಿಲ್ಲ.

ಎರಡು ಮಳೆಗಾಲದ ನಂತರ ಜ್ವರ ಬಂತು. ಐದನೆಯ ದಿನ ಅಕ್ಕ ಇರಲಿಲ್ಲ.

ಚೌಕಟ್ಟಿನ ಫೋಟೋ ನನ್ನ ಪಾಲಿನ ಕೆಲಸವೇ ತಾನೇ? ಅಳುತ್ತಲೇ ಮಾಡಿದೆ; ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಹದಿಮೂರನೆಯ ದಿನ ಅದಕ್ಕೆ ಹಾರ ಹಾಕಿದ ಮೇಲೆ ಅಕ್ಕನ ಮಗಳು ತುಂಬ ಹೊತ್ತು ಎದುರು ನಿಂತಿದ್ದಳು. ಇಲ್ಲೇ ಹುಟ್ಟಿದ ಹುಡುಗಿ, ಕನ್ನಡ ಅರ್ಥವಾಗುತ್ತದೆ, ಬಾಯಲ್ಲಿ ಬರುವುದು ಹಿಂದಿ. "ಮಾಮಾ, ಮಮ್ಮೀ ಕಾ ವೋ ನಿಶಾನ್ ಕಹಾಂ ಗಯಾ?" ಎಂದು ಕೇಳಿದಳು. ಅಮ್ಮನ ಆ ಗುರುತು ಎಲ್ಲಿ ಹೋಯಿತು? ಮಲಗುವಾಗ ಅದರ ಮೇಲೆ ಬೆರಳಾಡಿಸುತ್ತ ನಿದ್ದೆ ಹೋಗುತ್ತಿದ್ದ ಮಗು ಅದು.

"ಚಂದ ಬಂದಿದೆ," ಎಂದರು ಭಾವ. ಆಮೇಲೆ ಮೆಲ್ಲನೆ, "ಮೊದಲಿನದ್ದು ಉಂಟಾ?"

ಇರಲಿಲ್ಲ. ಠಾಣೆಯ ರಿಪೇರಿ ಅಂಗಡಿಗೆ ಹಾರ್ಡ್ ಡಿಸ್ಕ್ ಹೊತ್ತುಕೊಂಡು ಹೋದೆ. ಅದರ ಮೇಲೆ ಬೇರೆ ಬರೆದಾಗಿದೆ, ಸಿಗುವುದಿಲ್ಲ ಎಂದರು. ಮತದಾರರ ಗುರುತಿನ ಚೀಟಿಯಲ್ಲಿ ಅಕ್ಕನಿದ್ದಾಳೆ, ಆದರೆ ಅದರಲ್ಲಿ ಯಾರ ಮುಖ ತಾನೇ ಅವರದ್ದು? ಕೊನೆಗೆ ಕಲೆಯನ್ನು ನಾನೇ ಬಿಡಿಸಲು ಕೂತೆ. ಬಣ್ಣ ಹಚ್ಚಿದ ಹಾಗೆ ಕಂಡಿತು. ಅಳಿಸಿದೆ, ಮತ್ತೆ ಬಿಡಿಸಿದೆ. ದವಡೆಯ ಹತ್ತಿರ ಅದು ಒಳಕ್ಕೆ ತಿರುಗುತ್ತಿತ್ತೋ ಹೊರಕ್ಕೋ? ಅಷ್ಟು ಸಲ ಅದರ ಮೇಲೆ ಕೈಯಾಡಿಸಿದ ನನಗೆ ಅದರ ಆಕಾರ ನೆನಪಿಗೆ ಬರಲಿಲ್ಲ. ಒರೆಸಲೆಂದು ನೋಡಿದ್ದೆನೇ ಹೊರತು ನೋಡಲೆಂದು ನೋಡಿರಲಿಲ್ಲ.

ಇವತ್ತು ಬೆಳಿಗ್ಗೆಯೂ ಏನೂ ಸಿಗಲಿಲ್ಲ. ಭಂಗಾರ್‌ವಾಲಾ ಡಬ್ಬಿಯನ್ನು ಹೆಗಲಿಗೇರಿಸಿಕೊಂಡು ಹೋದ. ಕಲ್ಯಾಣಕ್ಕೆ ಹೋಗಿ, ಊಟ ಮಾಡಿ, ಫೋಟೋಕ್ಕೆ ಕೈಮುಗಿದು ಹೊರಟೆ. ಎರಡು ಮಹಡಿ ಇಳಿದ ಮೇಲೆ ಕೊಡೆ ಮರೆತದ್ದು ನೆನಪಾಗಿ ಮರಳಿದೆ. ಬಾಗಿಲು ತೆರೆದೇ ಇತ್ತು.

ಭಾವ ಫೋಟೋದ ಎದುರು ನಿಂತಿದ್ದರು. ಕೈಯಲ್ಲಿ ಗಂಧದ ಬಟ್ಟಲು. ಹಣೆಗೆ ಕುಂಕುಮ ಆಗಲೇ ಹಚ್ಚಿಯಾಗಿತ್ತು. ಅವರು ಬೆರಳನ್ನು ಗಂಧದಲ್ಲಿ ಅದ್ದಿ, ಗಾಜಿನ ಮೇಲೆ ಅಕ್ಕನ ಎಡಗಣ್ಣಿನ ಕೆಳಗಿಟ್ಟರು. ಕಿವಿಯ ಕಡೆ ಎಳೆದರು, ಅಲ್ಲಿಂದ ಕೆಳಗೆ. ದವಡೆಯ ಹತ್ತಿರ ಒಂದು ಚೂರು ಹೊರಕ್ಕೆ ತಿರುಗಿಸಿದರು. ಎಲ್ಲೂ ತಡವರಿಸಲಿಲ್ಲ.

"ಹರ್ ಸಾಲ್ ಕರತೇ ಹೈಂ ಪಪ್ಪಾ," ನನ್ನ ಪಕ್ಕಕ್ಕೆ ಬಂದು ನಿಂತ ಅಕ್ಕನ ಮಗಳು ಪಿಸುಗುಟ್ಟಿದಳು. "ಆಪ್ ಕೇ ಜಾನೇ ಕೇ ಬಾದ್."

ಪ್ರತಿ ವರ್ಷ. ನಾನು ಹೋದ ಮೇಲೆ, ನನಗೆ ನೋವಾಗದಿರಲಿ ಎಂದು.

"ಭಾವ," ಎಂದೆ. "ಅವತ್ತು ಎಣ್ಣೆ ಹಾರಿಸಿದ್ದು ನಾನು. ಅಕ್ಕ ಅಲ್ಲ."

ಅವರು ತಿರುಗಿ ನೋಡಿದರು, ಬೆರಳನ್ನು ಪಂಚೆಗೆ ಒರೆಸಿಕೊಂಡರು. "ಗೊತ್ತುಂಟು ಮಾರಾಯ. ಮದುವೆಯಾದ ವರ್ಷವೇ ಹೇಳಿದ್ಲು. ಅವತ್ತು ಕರಿದದ್ರಲ್ಲಿ ದುಂಡಗೆ ಬಂದದ್ದು ಮಾಣಿ ಎಸೆದದ್ದು ಒಂದೇ ಅಂತೆ. ಕೆನ್ನೆ ಉರಿತಾ ಇರುವಾಗ್ಲೇ ಅದನ್ನು ಎತ್ತಿ ತಿಂದ್ಲಂತೆ. ಅವನಿಗೆ ಒಂದು ದಿನ ಹೇಳ್ಬೇಕು, ಅಂವ ಸುಮ್ಮನೆ ಕೊರಗ್ತಾನೆ ಅಂತಿದ್ಲು. ಹೇಳ್ಲಿಲ್ವಾ?"

ಹೇಳಲು ಬಂದಿದ್ದಳು. ನಾನು ಬಿಡಲಿಲ್ಲ.

ಭಾವ ಒಂದು ಸ್ಟೂಲ್ ಎಳೆದು ಕೊಟ್ಟರು. ಗಾಜಿನ ಮೇಲೆ ಗಂಧ ಇನ್ನೂ ಹಸಿಯಿತ್ತು. ಅಂಚಿನಲ್ಲಿ ಮಾತ್ರ ಬೆಳ್ಳಗಾಗತೊಡಗಿತ್ತು. ಅದು ಪೂರ್ತಿ ಒಣಗಲು ಎಷ್ಟು ಹೊತ್ತು ಬೇಕಾಯಿತೋ ಅಷ್ಟು ಹೊತ್ತೂ ನಾನು ಅಕ್ಕನ ಎದುರು ಕೂತಿದ್ದೆ.